ಕ್ಲಚ್ಚು ಬಿಚ್ಚಿದ ಭಾನುವಾರ

ಹಿಡಿಯುತ್ತದೆ, ಬಿಡುವುದಿಲ್ಲ. ಇಷ್ಟೇ ಕಾಯಿಲೆ.
ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದರೂ
ನನ್ನ ಇಂಜಿನ್ ಸೈಕಲ್ಲು ತೆವಳುತ್ತದೆ,
ಮುಂದಿನ ಆಟೋದ ಬೆನ್ನಿಗೆ ಮೂತಿ ತಿಕ್ಕುತ್ತದೆ.
ಬ್ರೇಕು ಅದುಮಿದರೆ ಇಂಜಿನ್ನು ಸಾಯುತ್ತದೆ.
ಕ್ಯಾನಿನೊಳಗೆ ಎಂಬತ್ತು ಟೀ ಕುಲುಕಿ
ಹಿಂದಿನಿಂದ ಹಾರ್ನು, ನೆತ್ತಿ ಮೇಲೆ ಮೆಟ್ರೋ,
ಮತ್ತೆ ಪೆಡಲು ತುಳಿದು ಹೊತ್ತಿಸಬೇಕು.

ಇನಾಯತ್ ಹೊಸದೇ ಹಾಕಬೇಕೆಂದಿದ್ದ,
ಸಾವಿರದ ಎಂಟುನೂರು.
‘ಅವನಿಗೆ ಬಿಚ್ಚೋಕೆ ಸೋಮಾರಿತನ, ಕೊಡು ಇಲ್ಲಿ’
ಅಂದವರು ಮುನಿರತ್ನಮ್ಮ.
ನಮ್ಮ ವಠಾರದ ಮೊದಲನೇ ಮನೆ.
ದೂರವಾಣಿನಗರದ ಫೋನು ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ರಿಲೇ ಸ್ಪ್ರಿಂಗು ತಿದ್ದಿದ ಕೈ.

ಕೊಳಾಯಿ ಕಟ್ಟೆಯ ಪಕ್ಕ ಗೋಣಿಚೀಲ ಹಾಸಿದೆವು.
ಡ್ರಮ್ಮಿನ ಸರ್ಕ್ಲಿಪ್ಪು ಮುಟ್ಟಿದ್ದೇ ತಡ
ಮಿಡತೆಯ ಹಾಗೆ ಜಿಗಿದು ಮೋರಿ ಚಪ್ಪಡಿ ಸೇರಿತು.
ಇಡೀ ವಠಾರ ಬಗ್ಗಿ ನೋಡಿತು.
ಒಡೆದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ
ಮಕ್ಕಳು ಗಾಳ ಹಾಕಿದರು:
ಎರಡು ಮೊಳೆ, ಒಂದು ಪಿನ್ನು, ಕೊನೆಗೆ ಅದು.

ಆಮೇಲೆ ಪ್ಲಗ್ಗು ಕಳಚಿ, ಆ ತೂತಿನೊಳಗೆ
ಬಟ್ಟೆ ಒಣಗಿಸುವ ಹಗ್ಗದ ತುದಿ ಇಳಿಸಿದರು,
ಇಳಿಸುತ್ತಲೇ ಹೋದರು,
ಬಾವಿಗೆ ಕೊಡ ಬಿಟ್ಟ ಹಾಗೆ.
‘ಪಿಸ್ಟನ್ನು ಇದನ್ನ ಕಚ್ಚಿ ನಿಲ್ಲುತ್ತೆ. ಈಗ ತಿರುಗಿಸು.’

ಸ್ಪ್ಯಾನರಿಗೆ ನೇತುಬಿದ್ದೆ. ಅಲುಗಲಿಲ್ಲ.
ಬೆರಳ ಗಂಟು ಸುಲಿಯಿತು.
ಆಕೆ ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದರು.
ತುಂಬ ಹೊತ್ತಾದ ಮೇಲೆ ಬಾಯಿ ಬಿಟ್ಟರು:
‘ಅದು ಉಲ್ಟಾ ತ್ರೆಡ್ಡು ಕಣೋ.
ಆವಾಗಿಂದ ಬಿಗಿ ಮಾಡ್ತಾ ಇದ್ದೀಯ.’

ಬಲಕ್ಕೆ ತಿರುಗಿಸಿದೆ. ಟಕ್ಕೆಂದಿತು.

ಡ್ರಮ್ಮಿನ ಒಳಗೋಡೆ ಕಾದು ಕಾದು ನವಿಲುನೀಲಿ.
ಮೂರು ಶೂಗಳು, ಬೆನ್ನು ಹೊರಗೆ ಮಾಡಿ
ಅಗ್ಗಿಷ್ಟಿಕೆಯ ಸುತ್ತ ಕೂತವರಂತೆ.
ಇಂಜಿನ್ನು ರೇಗಿದಾಗ ಮೂವರೂ ಹೊರಕ್ಕೆ ಹಾರಿ
ಗೋಡೆ ತಬ್ಬಬೇಕು.
ತಣ್ಣಗಾದಾಗ ಸ್ಪ್ರಿಂಗು ಕರೆಯುತ್ತದೆ, ಒಳಗೆ ಬರಬೇಕು.
ಒಬ್ಬನನ್ನು ಕರೆಯುವವರಿಲ್ಲ, ಕೊಕ್ಕೆ ಮುರಿದಿತ್ತು.

‘ಒಂದೇ ಹಾಕಿದ್ರೆ ಆಗಲ್ಲ. ಮೂರೂ ಒಂದೇ ಸಮ ಎಳೀಬೇಕು.’
ಇನಾಯತನ ಗುಜರಿಯಿಂದ ಐದು ಸ್ಪ್ರಿಂಗು, ಮೂವತ್ತು ರೂಪಾಯಿ.
ಗೋಡೆಗೆ ಮೊಳೆ, ಮೊಳೆಗೆ ಸ್ಪ್ರಿಂಗು,
ಸ್ಪ್ರಿಂಗಿಗೆ ಸೊಪ್ಪಿನ ಗಾಡಿಯ ಎರಡು ಕೇಜಿ ಕಲ್ಲು,
ಇಳಿದಷ್ಟಕ್ಕೆ ಪೆನ್ಸಿಲ್ಲಿನ ಗೀಟು.
ಒಂದರ ಗೀಟು ಕೂದಲೆಳೆ ಮೇಲಿತ್ತು.
ಕನ್ನಡಕ ಹಣೆಗೇರಿಸಿ, ಇಕ್ಕಳದಲ್ಲಿ
ಕೊಕ್ಕೆಯ ಕಿವಿ ಹಿಂಡಿದರು, ಅಷ್ಟೇ ಅಷ್ಟು.

‘ಅಲ್ಲಿ ಗ್ರಾಂ ಲೆಕ್ಕ. ಯಾರೋ ಫೋನು ಎತ್ತಿದ್ರೆ
ತಗಡು ಹಿಡೀಬೇಕು, ಇಟ್ರೆ ಬಿಡಬೇಕು.
ಬಿಡ್ಲಿಲ್ವೋ, ಊರೆಲ್ಲ ಎಂಗೇಜು.
ಹಿಡಿಯೋದು ಯಾವ ತಗಡಾದ್ರೂ ಹಿಡಿಯುತ್ತೆ.
ಬಿಡಿಸೋದಕ್ಕೇ ನಮಗೆ ಸಂಬಳ.’

ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು
ಮರಳುಕಾಗದಕ್ಕೆ ಉಜ್ಜಿದೆ. ಮಿರುಗು ಹೋಯಿತು.
ಬೇರಿಂಗಿಗೆ ಗ್ರೀಸು ಕಾಡಿಗೆಯಷ್ಟು;
ಜಾಸ್ತಿಯಾದರೆ ಅದೂ ಹಾರುತ್ತದಂತೆ.
ಎಲ್ಲ ಕೂಡಿಸಿ ಪೆಡಲು ತುಳಿದರೆ ಅಲ್ಲಾಡುವುದಿಲ್ಲ!
ಹಗ್ಗ ಒಳಗೇ ಇತ್ತು.
‘ನನ್ನ ಸೀರೆ ಎಲ್ಲಿ ಒಣಗಾಕಲಿ?’ ಎಂದು
ಮೇಲಿನ ಮನೆಯ ಶಾಂತಾಮೇರಿ ಕೂಗಿದ್ದಕ್ಕೆ ನೆನಪಾಯಿತು.

ಸೋಮವಾರ, ಇನ್ನೂ ಬೆಳಕಿಲ್ಲ. ಟಿನ್ ಫ್ಯಾಕ್ಟರಿ. ಕೆಂಪು.
ಇಂಜಿನ್ನು ತನ್ನಷ್ಟಕ್ಕೆ ಗೊಣಗುತ್ತಿದೆ,
ಚಕ್ರ ನಿಂತಿದೆ.
ಎರಡೂ ಕಾಲು ನೆಲಕ್ಕೆ, ಎರಡೂ ಕೈ ಖಾಲಿ.
ಏನು ಮಾಡುವುದೋ ತಿಳಿಯದೆ ಅಂಗೈ ನೋಡಿಕೊಂಡೆ.
‘ಟೀ ಇದ್ಯಾ ಅಣ್ಣ?’ ಪಕ್ಕದ ಬೈಕಿನವ.
ಇನ್ನೂ ಎಪ್ಪತ್ತು ಸೆಕೆಂಡಿತ್ತು.
ಕೊಟ್ಟೆ.