ಇತರೆ

ಜಿಲ್ಲಾ ಪಂಚಾಯ್ತಿ ಸಭಾಂಗಣದ ಎಸಿಯಲ್ಲಿ
ಎರಡು ದಿನ ನಮಗೂ ತರಬೇತಿ ಕೊಟ್ಟರು,
ತರಬೇತಿ ಯಾರಿಗೆ ಬೇಕೆಂದು ಕೇಳುವುದು ಹೇಗೆ ಎಂಬುದಕ್ಕೆ.
ಗೋಡೆಯ ಮೇಲೆ ಕಾರವಾರದಿಂದ ಭಟ್ಕಳದವರೆಗೆ
ಹಳದಿ, ಕೆಂಪು, ನೀಲಿ ಚುಕ್ಕೆ.
ಕೆಂಪೆಂದರೆ ಕೌಶಲ್ಯದ ಕೊರತೆ.
ಸಮುದ್ರಕ್ಕೆ ಬಣ್ಣ ಹಚ್ಚಿರಲಿಲ್ಲ.

ಟ್ಯಾಬ್‌ನಲ್ಲಿ ಕಸುಬುಗಳು ನಲವತ್ತೊಂದು.
ಹೊಲಿಗೆ ಹನ್ನೊಂದು, ಟ್ಯಾಲಿ ಹದಿನೇಳು, ಬ್ಯೂಟಿ ಪಾರ್ಲರ್ ಇಪ್ಪತ್ತು.
ಎಲ್ಲಿಯೂ ಕೂರದ್ದಕ್ಕೆ ತೊಂಬತ್ತೊಂಬತ್ತು: ಇತರೆ.

ಕೋಡಿಬಾಗದಲ್ಲಿ ರೋಹಿದಾಸ ತಾಂಡೇಲ
ಲ್ಯಾಮಿನೇಷನ್ ಮಾಡಿಸಿದ ಆರು ಪ್ರಮಾಣಪತ್ರ
ಇಸ್ಪೀಟೆಲೆಯ ಹಾಗೆ ಹರಡಿದ.
ವೆಲ್ಡಿಂಗ್, ಎಸಿ ರಿಪೇರಿ, ಹೋಟೆಲ್ ಸೇವೆ,
ಇನ್ನೊಮ್ಮೆ ವೆಲ್ಡಿಂಗ್, ಆಗ ಯೋಜನೆಯ ಹೆಸರು ಬೇರೆ.
ನೌಕಾನೆಲೆಯ ಗೇಟಿನಲ್ಲಿ ಹನ್ನೊಂದು ತಿಂಗಳ ಪಾಸು,
ಹನ್ನೆರಡನೆಯದು ಮನೆಯಲ್ಲಿ.
'ಯಾವ ತರಬೇತಿ ಬೇಕು?' ಎಂದೆ.
'ನಿಮ್ಮ ಹತ್ತಿರ ಇನ್ನು ಯಾವುದು ಉಳಿದಿದೆ?' ಎಂದ.
ಕುಹಕವಿರಲಿಲ್ಲ. ನಿಜವಾಗಿ ಪಟ್ಟಿ ನೋಡಬೇಕಿತ್ತು ಅವನಿಗೆ.
ತೋರಿಸಿದೆ. ಜೇನು ಸಾಕಣೆಯ ಮೇಲೆ
ಸ್ವಲ್ಪ ಹೊತ್ತು ಬೆರಳಿಟ್ಟ.

ಸುಂಕೇರಿ ಸೇತುವೆಯ ಕೆಳಗೆ ಇಳಿತದ ಹೊತ್ತು.
ಯಂಕಿ ಹರಿಕಂತ್ರ ಸೊಂಟಮಟ್ಟ ನೀರಲ್ಲಿ,
ಕಾಲ ಬೆರಳಲ್ಲಿ ಬೆಳಚು ಹುಡುಕುತ್ತ.
ಕೆಸರೊಳಗೆ ಯಾವುದು ಕಲ್ಲು, ಯಾವುದು ಸತ್ತ ಚಿಪ್ಪು,
ಯಾವುದಿನ್ನೂ ಮರಿ, ಬಿಡಬೇಕು,
ಅಂಗಾಲು ಹೇಳುತ್ತದೆ, ಬುಟ್ಟಿ ತುಂಬುತ್ತದೆ.
ಬಳಸುವ ಉಪಕರಣ? ಕಾಲು.
ಕಲಿತದ್ದೆಲ್ಲಿ? ಇಲ್ಲೇ.
ಪ್ರಮಾಣಪತ್ರ?
ದಂಡೆಗೆ ಬಂದು ಹಿಮ್ಮಡಿ ಎತ್ತಿ ತೋರಿಸಿದಳು,
ಹಳೆಯ ಗೀರು, ಐದಾರು.
ತೊಂಬತ್ತೊಂಬತ್ತು ಒತ್ತಿದೆ.

ನಕ್ಷತ್ರ ಹಾಕಿದ ಪ್ರಶ್ನೆಯೊಂದಿದೆ, ತುಂಬದೆ ಮುಂದೆ ಹೋಗದು:
ಮುಂದಿನ ಐದು ವರ್ಷಕ್ಕೆ ಬೇಕಾದ ತರಬೇತಿ.
'ನಂಗಾ?' ಅಂದಳು. ಮತ್ತೆ ನೀರಿಗಿಳಿದು ಯೋಚಿಸಿದಳು.
ಮೇಲ್ಗಡೆ ಮರಳಿನ ದೋಣಿಯೊಂದು ಗುರುಗುಟ್ಟುತ್ತಿತ್ತು.
'ನಂಗೆ ಬ್ಯಾಡ. ಬರ್ಕೊ ತಂಗಿ, ಆ ಮರಳ ತೆಗಿಯೋರಿಗೆ,
ಅವ್ರಿಗೆ ಲೀಸು ಕೊಡೋ ಸಾಹೇಬ್ರಿಗೂ,
ಒಂದ್ ವಾರ ಹೊಳೇಲಿ ಬರಿಗಾಲಲ್ಲಿ ನಡೆಯೂದ ಕಲ್ಸಿ.
ನಾನೇ ಕಲಿಸ್ತೆ.
ಸಂಬಳ ಎಷ್ಟು ಕೊಡ್ತ್ರು, ಕೇಳ್ಕಂಡು ಬಾ.'

ಟೈಪು ಮಾಡಿದೆ. ಅಕ್ಷರಮಿತಿ ಮೀರಿದೆ ಎಂದಿತು ಟ್ಯಾಬ್.
ಅಳಿಸತೊಡಗಿದೆ. ತಂಗಿ ಹೋಯಿತು,
ಬರಿಗಾಲು ಹೋಗಿ ಮತ್ತೆ ಬಂತು,
ಸಾಹೇಬರನ್ನು ಅಳಿಸಲೋ ಬೇಡವೋ ಎಂದು ನಿಂತೆ.
ಅಷ್ಟರಲ್ಲಿ ಭರತ ಏರಿ ಅವಳ ಬುಟ್ಟಿ ತೇಲತೊಡಗಿತ್ತು.

ಇನ್ನೂ ಹದಿನಾಲ್ಕಕ್ಷರ ಹೆಚ್ಚು.
ಸಂಬಳದ ಸಾಲು ಮುಟ್ಟಲಿಲ್ಲ.
ನನ್ನ ಗುತ್ತಿಗೆ ಮೂವತ್ತೊಂದಕ್ಕೆ ಮುಗಿಯುತ್ತದೆ,
ಕೇಳುವುದಿದ್ದರೆ ಅಷ್ಟರೊಳಗೆ ಕೇಳಬೇಕು.