ಐನೂರು ಪದಗಳ ಮಿತಿ

ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ವಿಲ್ಲಿಸ್ಟನ್ನಿನ ಗಾಳಿ ನನ್ನ ಟ್ರೇಲರ್ ಮನೆಯ ತಗಡನ್ನು
ಎತ್ತಿ ನೋಡುತ್ತದೆ, ಇಳಿಸುತ್ತದೆ,
ಬೆಂದಿತೇ ಎಂದು ಕೇಳುವ ಹಾಗೆ.

ಇನ್ನೂ ಇಲ್ಲ.
ಅಡುಗೆಮನೆಯ ಮೇಜಿಗೆ ನಾವು ಮೂವರು:
ನಾನು, ಲ್ಯಾಪ್‌ಟಾಪು, ಮೂರು ಸಲ ಬಿಸಿಮಾಡಿದ ಕಾಫಿ.
ಅರ್ಜಿ ಕೇಳುತ್ತಿದೆ,
ಶಾಲಾ ಮನಶ್ಶಾಸ್ತ್ರವನ್ನೇ ಏಕೆ ಆರಿಸಿದಿರಿ?
ಐನೂರು ಪದ ಮೀರದಂತೆ.
ಮೂಲೆಯಲ್ಲೊಂದು ಅಂಕಿ, ಪೆಟ್ರೋಲ್ ಬಂಕಿನ ಮೀಟರಿನ ಹಾಗೆ,
ನಾನು ಉಸಿರೆಳೆದರೂ ಓಡುತ್ತದೆ.

ಹೆಸರು ಮಾರ್ಲಿಸ್ ಹೆಗ್‌ಸ್ಟಾಡ್. ವಯಸ್ಸು ಮೂವತ್ತೊಂಬತ್ತು.
ಅನುಭವ: ಹನ್ನೊಂದು ವರ್ಷ ತರಗತಿಯ ಸಹಾಯಕಿ.
ಅಂದರೆ ಬಿಚ್ಚಿದ ಶೂ ಲೇಸು, ಕಳೆದ ಕೈಗವಸು,
ಕಚ್ಚಿಸಿಕೊಂಡ ಮುಂಗೈ.
ಇದಕ್ಕೆಲ್ಲ ಅರ್ಜಿಗೊಪ್ಪುವ ಕ್ರಿಯಾಪದ ಸಿಗಲಿಲ್ಲ,
'ನಿರ್ವಹಿಸಿದ್ದೇನೆ' ಎಂದು ಬರೆದೆ.
ಸುಳ್ಳೇನಲ್ಲ.

ಆಮೇಲೆ ಕೋಲ್ಬಿಯನ್ನು ಬರೆದೆ.
ಎರಡನೇ ತರಗತಿ, ಅಪ್ಪ ಎಣ್ಣೆಬಾವಿಯಲ್ಲಿ,
ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ.
ಗಂಟೆ ಬಾರಿಸಿದರೆ ಹುಡುಗ ಮೇಜಿನಡಿ.
ಕರೆದರೆ ಬಾರ, ಗದರಿದರೆ ಬಾರ.
ಒಂದು ದಿನ ನಾನೇ ಒಳಗೆ ತೂರಿ ಕೂತೆ, ನಲವತ್ತು ನಿಮಿಷ.
ತಲೆಯೆತ್ತಿದರೆ ಮೇಜಿನ ಹೊಟ್ಟೆಗೆ ಅಂಟಿಸಿದ ಚೂಯಿಂಗ್ ಗಮ್ಮು.
ಅವನು ಎಣಿಸಿಟ್ಟಿದ್ದ, ಮೂವತ್ತೊಂದು.
'ಈ ಹಸಿರಿನದು ನನಗಿಂತ ದೊಡ್ಡದು' ಎಂದ,
ಹಿರಿಯರನ್ನು ಪರಿಚಯಿಸುವ ಗೌರವದಲ್ಲಿ.

ಮಂಗಳವಾರ ಬರುತ್ತಿದ್ದರು ಆರ್ಡಿತ್.
ನಾಲ್ಕು ಶಾಲೆಗೆ ಒಬ್ಬರೇ ಮನಶ್ಶಾಸ್ತ್ರಜ್ಞೆ,
ಕಿರುಗುಡುವ ಚಕ್ರದ ಪೆಟ್ಟಿಗೆ,
ಒಳಗೆ ಕೆಂಪು ಬಿಳಿ ಘನಗಳು, ಸ್ಟಾಪ್‌ವಾಚು.
ಅವರು ಬಗ್ಗಿದಾಗ ಮಂಡಿ ಲಟಕ್ಕೆಂದಿತು, ಹುಡುಗ ನಕ್ಕ.
ಸ್ಟಾಪ್‌ವಾಚು ಜೇಬಿಗೆ ಹೋಯಿತು.
ಅಂದಿನ ವರದಿಯಲ್ಲಿ ಒಂದೇ ಸಾಲು:
'ಇಂದು ಅಳೆಯಲಾಗಲಿಲ್ಲ. ಪರಿಚಯವಾಯಿತು.'

ಎಲ್ಲ ಬರೆದೆ. ನಾನೂರ ಎಂಬತ್ತೆಂಟು ಪದ.
ಗಟ್ಟಿಯಾಗಿ ಓದಿಕೊಂಡೆ,
ಎಲ್ಲಿ ದನಿ ನಡುಗಬೇಕೋ ಅಲ್ಲೇ ನಡುಗಿತು.
ಚೆನ್ನಾಗಿತ್ತು. ತೀರಾ ಚೆನ್ನಾಗಿತ್ತು.

ಕೋಲ್ಬಿ ಈಗ ಐದನೇ ತರಗತಿ.
ಶನಿವಾರ ದಿನಸಿ ಅಂಗಡಿಯಲ್ಲಿ ಸಿಕ್ಕಿದ್ದ,
ಸೀರಿಯಲ್ ಡಬ್ಬಿಗಳ ಸಾಲಿನಿಂದ ಗಲ್ಲವೆತ್ತಿ
ದೊಡ್ಡವರ ಹಾಗೆ 'ಹೇ' ಎಂದ.
ಅವನಿಗೆ ಗೊತ್ತೇ,
ಒಂದಿಡೀ ಚಳಿಗಾಲ ಕೈಹಿಡಿದು ಎಳೆಯದವಳು
ಇವತ್ತು ರಾತ್ರಿ ಅವನನ್ನು ಮೇಜಿನಡಿಯಿಂದ ಎಳೆತಂದು
ಮುಖವೇ ಕಾಣದ ಸಮಿತಿಯ ಮುಂದೆ ನಿಲ್ಲಿಸಿದ್ದಾಳೆ ಎಂದು?
ಒಂದು ಸೀಟಿಗಾಗಿ.

ಹೆಸರು ಬದಲಿಸಿ ನೋಡಿದೆ. ಅವನೇ.
ಹುಡುಗಿ ಮಾಡಿ ನೋಡಿದೆ. ಆಗಲೂ ಅವನೇ,
ಕಣ್ಣಲ್ಲಿ ಕಣ್ಣಿಟ್ಟು, ಮೊಣಕಾಲು ಗಲ್ಲಕ್ಕೆ ಒತ್ತಿ.

ಅಳಿಸಿದೆ.
ಅಂಕಿ ಹಿಂದಕ್ಕೆ ಓಡಿತು, ನಾನೂರು, ಇನ್ನೂರು, ನೂರ ಹನ್ನೆರಡು.
ಉಳಿದದ್ದು ನನ್ನದು ಮಾತ್ರ:
ಮಕ್ಕಳು ಕೂರುವ ಎತ್ತರಕ್ಕೆ ಬಗ್ಗಬಲ್ಲೆ.
ಆದರೆ ಅಲ್ಲಿ ಕಂಡದ್ದಕ್ಕೆ ಏನು ಮಾಡಬೇಕೆಂದು ತಿಳಿಯದು,
ಹನ್ನೊಂದು ವರ್ಷ ಊಹಿಸಿದ್ದೇನೆ,
ಕೆಲವು ಸಲ ತಪ್ಪಾಗಿ.
ಕಲಿಯಲು ಬಂದಿದ್ದೇನೆ.

ಶುಲ್ಕ ಅರವತ್ತೈದು ಡಾಲರು.
ಕಾರ್ಡು ಒಮ್ಮೆ ಬೇಡವೆಂದು, ಎರಡನೆಯ ಸಲ ಒಪ್ಪಿತು.
ಹನ್ನೊಂದು ಐವತ್ತೆರಡಕ್ಕೆ ಗುಂಡಿ ಒತ್ತಿದೆ.
ಧನ್ಯವಾದ, ಉತ್ತರ ಮಾರ್ಚಿನಲ್ಲಿ, ಎಂದಿತು ಪರದೆ.

ಕೋಟು ತೊಟ್ಟು ಹೊರಬಂದೆ,
ಕಾರಿನ ಎಂಜಿನ್ನು ಹೆಪ್ಪುಗಟ್ಟದಂತೆ ವೈರು ಚುಚ್ಚಬೇಕು,
ಆರೂವರೆಗೆ ಶಾಲೆಯ ಬಸ್ಸು.
ಸೋಮವಾರದಿಂದ ಹೊಸ ಹುಡುಗಿಯೊಬ್ಬಳು ಬರುತ್ತಿದ್ದಾಳೆ,
ಹೀಟರಿನ ಪಕ್ಕ ಕೂತರೂ ಜಾಕೆಟ್ಟು ಬಿಚ್ಚುವುದಿಲ್ಲ.
ಯಾಕೆಂದು
ನಾನಿನ್ನೂ ಕೇಳಿಲ್ಲ.