ಗಾಡಿ ಕೇಳವಲ್ದು

ಕೊಲ್ಹಾರದ ಬ್ರಿಜ್ಜು ಇಳದ ಕೂಡಲೇ
ಎಡಕ ನನ್ನ ಮೊಸರಿನ ಟೇಬಲ್ಲು, ಅದರ ಬಾಜೂಕ ಚಾರ್ಜಿಂಗ್ ಕಂಬ.
ಕಂಬದ ಎದಿಮ್ಯಾಲ ಅರವತ್ತು ಅಂತ ಬರದಾರ,
ಅಷ್ಟು ಕೊಡತೈತಂತ.
ಬರಿಯೂದೇನ್ ಬಿಡ್ರಿ, ನನ್ನ ಬೋರ್ಡಿನ ಮ್ಯಾಲೂ
ಬರೇ ಎಮ್ಮಿ ಮೊಸರು ಅಂತೈತಿ.
ಆಕಳ ಹಾಲು ಒಂದೀಟು ಬೀಳತೈತಿ.

ಆದ್ರ ತಪ್ಪು ಕಂಬದ್ದಲ್ಲ, ನಾ ದಿನಾ ನೋಡತೇನಿ.
ಹೊಸಾ ಗಾಡಿ ಬಂದ್ರ ಐವತ್ತೆಂಟು ಎಳೀತೈತಿ,
ಅರ್ಧಾ ತಾಸು ಸೈತ ಇಲ್ಲ, ಸಾಹೇಬ್ರು ಕೆಳಗ ಕಾಲಿಡೂದಿಲ್ಲ.
ನಾಕೈದು ವರ್ಷದ ಹಳೇದು ನಲವತ್ತರಾಗ ಶುರು ಮಾಡಿ
ಅರ್ಧ ತುಂಬಿದ ಮ್ಯಾಲ ಮೂವತ್ತಕ್ಕ ಇಳೀತೈತಿ.
ಅವರು ಚಾ ಕುಡೀತಾರ, ಕೂಸಿನ ಚಡ್ಡಿ ಬದಲಿಸ್ತಾರ,
ಒಂದು ಕುಡಿಕಿ ಮೊಸರು ಒಯ್ತಾರ.
ಇನ್ನ ಬಂದಗಿಸಾಬನ ಬಿಳೀ ಗಾಡಿ,
ಬೆಳಗಾವಿ ಯಾವದೋ ಆಫೀಸಿಂದು, ಹರಾಜಿನಾಗ ಹಿಡದದ್ದು.
ಅದಕ ಹದಿನೈದು. ಮುಂಜಾನೆ ತಂಪಿದ್ರ ಹದಿನೇಳು.
ಮೇ ತಿಂಗಳ ಎರಡರ ಬಿಸಲಾಗ ಹನ್ನೊಂದು.

ಪಂಕ್ತಿಯೊಳಗ ನೀಡಾವ ಬುಟ್ಟಿ ಹಿಡಕೊಂಡು ನಿಂತಿರ್ತಾನ,
ವಯಸ್ಸಾದವ್ರು ಎಲಿಮ್ಯಾಲ ಕೈ ಅಡ್ಡ ಹಿಡೀತಾರ,
ಸಾಕೋ ಯಪ್ಪಾ, ಮೆಲ್ಲಕ.
ಹಂಗ.
ಕಂಬ ಕೊಡಾಕ ನಿಂತೈತಿ, ಗಾಡಿ ಕೇಳವಲ್ದು.

ಯಾಕಂತ ಅವ ಏನೇನೋ ಹೇಳತಾನ.
ಮೊದಲಿನವ್ರು ಎಷ್ಟು ಬಿಸಲಾಗ ನಿಲ್ಲಿಸಿದ್ರೋ,
ಎಷ್ಟು ಸಲ ಪೂರಾ ಖಾಲಿ ಮಾಡಿದ್ರೋ,
ಬ್ಯಾಟರಿ ಬಾಯಿ ಬಿಡೂದಿಲ್ಲಂತ, ಒಳಗ ಇಟಗೊಂಡಿರತೈತಂತ.
ನನಗ ಗಡಿಗಿ ಗೊತ್ತು.
ಹೊಸಾ ಗಡಿಗಿ ಮೊಸರಿನ ನೀರು ಗಟಗಟ ಹೀರತೈತಿ,
ಸಂಜಿಕ ಹೆಪ್ಪು ಹಾಕಿದ್ರ ಮುಂಜಾನೆ ಬೋರಲ ಹಾಕಿದ್ರೂ ಬೀಳೂದಿಲ್ಲ.
ಹತ್ತು ಸಲ ತೊಳದ ಗಡಿಗಿಗಿ ತೂತೆಲ್ಲಾ ಕಟ್ಟಿರ್ತಾವ.
ಹೀರೂದಿಲ್ಲ ಅಂತಲ್ಲ.
ಅದರ ಹೊತ್ತಿಗಿ ಅದು.

ಅವ ಕನ್ನಡಕದಾವ. ಡಿಕ್ಕಿ ತುಂಬ ಫ್ರೇಮು,
ಹಳ್ಳಿಹಳ್ಳಿಗಿ ಹೋಗಿ ಅಕ್ಷರದ ಹಲಗಿ ತೂಗಹಾಕತಾನ.
ಮೊದಲನೇ ಬ್ಯಾಸಗಿ, ಕುಂತು ಕುಂತು ಬ್ಯಾಸರಾಗಿ,
ಶಾವಂತ್ರಕ್ಕಾ, ಕಂಬದ ಮ್ಯಾಲ ಏನೈತಿ ಓದು ಅಂದ.
ಹಸರು ಅಂದೆ.
ಹಸರಾಗ ಏನೈತಿ?
ಹಸರಾಗ ಹಸರೈತಿ.
ನಕ್ಕ. ಎಂಟು ಗ್ಲಾಸು ಬದಲಿಸಿದ. ಒಂಬತ್ತನೇದಕ್ಕ
ಹದಿಮೂರು ಅನ್ನೂದು ಹದಿಮೂರಾಗಿ ಬಂದು ನಿಂತಿತು,
ಹಿಂದ ಹೊಳಿ, ಬ್ರಿಜ್ಜಿನ ಕಂಬಿ,
ಕಂಬಿ ಮ್ಯಾಲ ಒಂಟಿಗಾಲಿನ ಕೊಕ್ಕರಿ ಸೈತ.
ಎರಡು ಗಡಿಗಿ ಮೊಸರಿಗಿ ಲೆಕ್ಕ ಚುಕ್ತಾ.

ಹ್ವಾದ ವರ್ಷ ಒಂದಿನ ಹನ್ನೊಂದೂ ಇಲ್ಲ, ಒಂಬತ್ತಾತು.
ಮುದ್ದೇಬಿಹಾಳದಾಗ ಮಂದಿ ಕಾಯಾಕತ್ತಾರ ಅಂತ ಒದ್ದಾಡಿದ.
ಗಡಿಗಿ ಕೆಳಗಿನ ಹಸೀ ಗೋಣಿತಟ್ಟು ಎಳದು ಕೊಟ್ಟೆ,
ಗಾಡಿ ಹೊಟ್ಟಿ ಕೆಳಗ ಹಾಸಿದ.
ಹನ್ನೆರಡಕ್ಕ ಏರಿತು.
ತಟ್ಟಿಗೇ ಏರಿತೋ, ಹೊಳಿಗಾಳಿ ತಿರುಗಿತೋ.
ನನ್ನ ಮೊಸರಂತೂ ಅವತ್ತು ಹುಳಿಯಾತು.

ಇವತ್ತ ಅವನ ಹಿಂದ ಕರೀ ಗಾಡಿ ನಿಂತೈತಿ, ಐವತ್ತೆಂಟಿನದು.
ಎಂಬತ್ತಾತಂದ್ರ ತೆಗೀಬೇಕು, ಇಲ್ಲಿ ರೂಢಿ,
ಅಲ್ಲಿಂದ ಮುಂದ ಎಂಥಾ ಗಾಡಿಯಾದ್ರೂ ತೆವಳತೈತಿ.
ಬಂದಗಿಸಾಬ ಸೀಟು ಒರಗಿಸಿ ಮಲಗ್ಯಾನ, ಬಾಯಿ ತೆರದು.
ನಿನ್ನೆ ಮೂರು ಊರು,
ಇನ್ನೂರಾ ಹನ್ನೊಂದು ಕಣ್ಣು ನೋಡ್ಯಾನಂತ.

ಕರೀ ಗಾಡಿಯಾವ ಎಸಿ ಬಿಟ್ಟು ಇಳಿಯವಲ್ಲ,
ಗ್ಲಾಸು ನಾಕು ಬೆರಳು ಇಳಸಿ ಕೇಳತಾನ,
ಅಕ್ಕಾ, ಅವಂದು ಎಷ್ಟಾತು ನೋಡ್ರಿ?

ಕಾಣತೈತಿ. ಎಂಬತ್ತೊಂದು.

ತಡೀರಿ ಅಂದೆ,
ಕನ್ನಡಕ ತಗದು ಸೆರಗಿಲೆ ಒರಸಾಕ ಹತ್ತಿದೆ.
ಒಂದು ಗ್ಲಾಸು ಆತು.
ಇನ್ನೊಂದು ಐತಿ.